ವಿಎಂ ಒಳಗಿನ ಸರ್ವರ್ ಪಕ್ಕದ ಕಂಪ್ಯೂಟರಿಗೆ ಕಾಣಿಸಬೇಕಾದರೆ: ಪ್ಯಾಕೆಟ್ ಹೋಗುವ ದಾರಿ, ಮರಳುವ ದಾರಿ

(ಕಾಲೇಜು ಲ್ಯಾಬು ಮತ್ತು ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಪ್ರಶ್ನೆ ಹಿಡಿದು ಕೂರೋಣ. ಉಬುಂಟು ಹಾಕಿದ ಒಂದು ಡೆಸ್ಕ್‌ಟಾಪ್ ಇದೆ, ವಿಳಾಸ 192.168.1.20. ಅದರಲ್ಲಿ ಲಿನಕ್ಸ್‌ನದೇ ಆದ ಕೆವಿಎಂ ಎಂಬ ವ್ಯವಸ್ಥೆ ಬಳಸಿ ಒಂದು ವರ್ಚುಯಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಾಗಿ ಓಡುವ ಇನ್ನೊಂದು ಕಂಪ್ಯೂಟರ್, ಮಾಡಿದ್ದೇವೆ. ಅದನ್ನು ವಿಎಂ ಅನ್ನೋಣ, ಅದನ್ನು ಹೊತ್ತ ಡೆಸ್ಕ್‌ಟಾಪನ್ನು ಹೋಸ್ಟ್ ಅನ್ನೋಣ. ವಿಎಂ ಒಳಗೆ 8000ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಒಂದು ಸೇವೆಯ ಬಾಗಿಲಿನ ಸಂಖ್ಯೆ) ಒಂದು ವೆಬ್ ಅಪ್ಲಿಕೇಶನ್ ಓಡುತ್ತಿದೆ. ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ ಪುಟ ಚೆನ್ನಾಗಿ ತೆರೆಯುತ್ತದೆ. ಅದೇ ಕೋಣೆಯಲ್ಲಿರುವ ಇನ್ನೊಂದು ಕಂಪ್ಯೂಟರಿನಲ್ಲಿ, ಅಂದರೆ 192.168.1.40ರಲ್ಲಿ, ತೆರೆಯುವುದಿಲ್ಲ. ಯಾಕೆ? ತೆರೆಯಬೇಕಾದರೆ ಏನು ಮಾಡಬೇಕು?

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ನ್ಯಾಟ್ (ವಿಎಂ ಹೋಸ್ಟಿನ ವಿಳಾಸದ ಹಿಂದೆ ಅಡಗಿ ಹೊರಗೆ ಹೋಗುವ ವ್ಯವಸ್ಥೆ) ಇದ್ದದ್ದನ್ನು ಬ್ರಿಡ್ಜ್ (ವಿಎಂ ನೇರವಾಗಿ ಹೊರಗಿನ ಜಾಲಕ್ಕೆ ಸೇರುವ ವ್ಯವಸ್ಥೆ) ಮಾಡುತ್ತಾರೆ, ಫೈರ್‌ವಾಲ್ ಆಫ್ ಮಾಡುತ್ತಾರೆ, ಎಲ್ಲವನ್ನೂ ಒಮ್ಮೆ ರೀಸ್ಟಾರ್ಟ್ ಮಾಡುತ್ತಾರೆ. ಕೆಲವು ಸಲ ಸರಿಯಾಗಿಬಿಡುತ್ತದೆ. ಆದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಆಫ್ ಮಾಡಿದ ಫೈರ್‌ವಾಲನ್ನು ಮತ್ತೆ ಆನ್ ಮಾಡುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ. ಅದರ ಬದಲು ಒಂದು ಪ್ಯಾಕೆಟ್ಟಿನ, ಅಂದರೆ ಜಾಲದಲ್ಲಿ ಓಡಾಡುವ ಮಾಹಿತಿಯ ಒಂದು ಪೊಟ್ಟಣದ, ಬೆನ್ನು ಹತ್ತಿ. ಅದು ಎಲ್ಲಿಂದ ಹೊರಟಿತು, ಯಾವ ಬಾಗಿಲು ದಾಟಿತು, ಉತ್ತರ ಯಾವ ದಾರಿಯಲ್ಲಿ ಮರಳಿತು ಅಂತ ನೋಡಿ. ವಿಎಂ ನೆಟ್‌ವರ್ಕಿನ ತೊಂದರೆಗಳಲ್ಲಿ ದೊಡ್ಡ ಪಾಲು ಈ ಮರಳುವ ದಾರಿಯಲ್ಲೇ ಇರುತ್ತದೆ. ಅದನ್ನೇ ಯಾರೂ ನೋಡುವುದಿಲ್ಲ.

ಕೇಬಲ್ ಎಲ್ಲಿಗೆ ಚುಚ್ಚಿದೆ?

ವಿಎಂಗೂ ಒಂದು ನೆಟ್‌ವರ್ಕ್ ಕಾರ್ಡ್ ಇದೆ, ಅದಕ್ಕೂ ಒಂದು ಮ್ಯಾಕ್ ವಿಳಾಸ (ಕಾರ್ಡಿನದೇ ಗುರುತಿನ ಸಂಖ್ಯೆ) ಇದೆ. ಕೆವಿಎಂನಲ್ಲಿ ಅದು 52:54:00 ಎಂದು ಶುರುವಾಗುತ್ತದೆ, ವರ್ಚುಯಲ್‌ಬಾಕ್ಸ್ ಎಂಬ ಇನ್ನೊಂದು ವಿಎಂ ಸಾಫ್ಟ್‌ವೇರಿನಲ್ಲಿ 08:00:27 ಎಂದು. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ರೂಟರಿನ ಪಟ್ಟಿಯಲ್ಲಿ ವಿಎಂ ಯಾವುದು ಅಂತ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆ ಕಾರ್ಡಿನಿಂದ ಹೊರಟ ಕಾಣದ ಕೇಬಲ್ ಎಲ್ಲಿಗೆ ಚುಚ್ಚಿದೆ ಅನ್ನುವುದೇ ನ್ಯಾಟ್, ಹೋಸ್ಟ್-ಓನ್ಲಿ (ಹೋಸ್ಟಿನೊಳಗೆ ಮಾತ್ರ ಕಾಣುವುದು), ಬ್ರಿಡ್ಜ್ ಎಂಬ ಹೆಸರುಗಳ ಅರ್ಥ.

ಕೆವಿಎಂ ಜೊತೆ ಸಾಮಾನ್ಯವಾಗಿ ಬಳಸುವ, ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತಾನಾಗಿಯೇ ವಿರ್‌ಬಿಆರ್0 ಎಂಬ ಒಂದು ಸ್ವಿಚ್ಚನ್ನು ಹೋಸ್ಟ್ ಒಳಗೆ ಕಟ್ಟುತ್ತದೆ. ಹೋಸ್ಟಿಗೆ ಅಲ್ಲಿ 192.168.122.1, ವಿಎಂಗಳಿಗೆ 2ರಿಂದ 254ರವರೆಗಿನ ವಿಳಾಸ. ನಮ್ಮ ವಿಎಂಗೆ 192.168.122.57 ಸಿಕ್ಕಿದೆ ಅಂದುಕೊಳ್ಳಿ. ಈಗ 192.168.1.40 ಅದನ್ನು ಕೇಳಿದರೆ ಏನಾಗುತ್ತದೆ? ಆ ಕಂಪ್ಯೂಟರಿಗೆ 122ರ ಜಾಲ ಎಲ್ಲಿದೆ ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಅದು ರೂಟರಿಗೆ, ಅಂದರೆ 192.168.1.1ಕ್ಕೆ ಕೊಡುತ್ತದೆ. ರೂಟರಿಗೂ ಗೊತ್ತಿಲ್ಲ. ಪ್ಯಾಕೆಟ್ ಅಲ್ಲೇ ಕಳೆದುಹೋಯಿತು. ನಮ್ಮ ಡೆಸ್ಕ್‌ಟಾಪಿನ ಹತ್ತಿರಕ್ಕೂ ಅದು ಬರಲಿಲ್ಲ.

ಸರಿ, 40ರಲ್ಲಿ ಒಂದು ರೂಟ್ ಸೇರಿಸೋಣ: 122ರ ಜಾಲಕ್ಕೆ ಹೋಗಲು 192.168.1.20ನ್ನು ಹಿಡಿ ಅಂತ. ಆಗಲೂ ಪುಟ ತೆರೆಯುವುದಿಲ್ಲ. ಆದರೆ ತಪ್ಪಿನ ಸಂದೇಶ ಬದಲಾಗುತ್ತದೆ. ಮೊದಲು ಕಾದು ಕಾದು ಟೈಮ್‌ಔಟ್ ಆಗುತ್ತಿದ್ದದ್ದು ಈಗ ತಕ್ಷಣ ‘ಕನೆಕ್ಷನ್ ರಿಫ್ಯೂಸ್ಡ್’ ಅನ್ನುತ್ತದೆ. ಇದನ್ನು ನೋಡಿ ಎಷ್ಟೋ ಜನ ವಿಎಂ ಒಳಗಿನ ಸರ್ವರ್ ನಿಂತುಹೋಗಿದೆ ಅಂದುಕೊಂಡು ಅದನ್ನು ಕೆದಕಲು ಹೋಗುತ್ತಾರೆ. ಸರ್ವರ್ ಚೆನ್ನಾಗಿಯೇ ಇದೆ. ಲಿಬ್‌ವರ್ಟ್ ಹಾಕಿರುವ ಫೈರ್‌ವಾಲ್ ನಿಯಮ ಹೊರಗಿನಿಂದ ಹೊಸದಾಗಿ ಬರುವ ಕನೆಕ್ಷನ್ನನ್ನು ಒಳಗೆ ಬಿಡದೆ, ‘ಪೋರ್ಟ್ ಸಿಗುವುದಿಲ್ಲ’ ಎಂಬ ಐಸಿಎಂಪಿ (ಜಾಲದ ತಪ್ಪುಗಳನ್ನು ತಿಳಿಸುವ ಸಂದೇಶ) ಉತ್ತರ ಕಳಿಸುತ್ತದೆ. ಆ ಉತ್ತರವನ್ನೇ 40ರ ಲಿನಕ್ಸ್ ‘ರಿಫ್ಯೂಸ್ಡ್’ ಅಂತ ಓದುತ್ತದೆ. ವಿಎಂ ತಾನಾಗಿ ಶುರುಮಾಡಿದ ಮಾತುಕತೆಯ ಉತ್ತರ ಮಾತ್ರ ಒಳಗೆ ಬರುತ್ತದೆ. ಅದಕ್ಕೇ ವಿಎಂ ಒಳಗಿಂದ ಇಂಟರ್ನೆಟ್ ಸರಾಗವಾಗಿ ನಡೆಯುತ್ತಿರುತ್ತದೆ.

ವರ್ಚುಯಲ್‌ಬಾಕ್ಸ್‌ನ ನ್ಯಾಟ್ ಇನ್ನೂ ಬಿಗಿ. ಅಲ್ಲಿ ಪ್ರತಿ ವಿಎಂಗೂ ಅದರದೇ ಪ್ರತ್ಯೇಕ ಪೆಟ್ಟಿಗೆ. ಮೂರು ವಿಎಂ ಮಾಡಿ ನೋಡಿ, ಮೂರಕ್ಕೂ 10.0.2.15 ಎಂಬ ಒಂದೇ ವಿಳಾಸ. ಇದು ತಪ್ಪಲ್ಲ. ಒಂದಕ್ಕೊಂದು ಕಾಣಿಸುವುದೇ ಇಲ್ಲವಾದ್ದರಿಂದ ಜಗಳವೂ ಇಲ್ಲ. ಹಾಗಾಗಿ 10.0.2.15ನ್ನು ಬೇರೆ ಕಂಪ್ಯೂಟರಿನಿಂದ ಪಿಂಗ್ ಮಾಡುವುದರಲ್ಲಿ (‘ಇದ್ದೀಯಾ’ ಅಂತ ಕೇಳುವುದರಲ್ಲಿ) ಅರ್ಥವಿಲ್ಲ, ಹೋಸ್ಟಿನಿಂದಲೂ ಅದು ಸಿಗುವುದಿಲ್ಲ.

ಒಂದೇ ಪೋರ್ಟ್ ಸಾಕಾದರೆ ಬ್ರಿಡ್ಜ್ ಬೇಡ

ಬೇಕಿರುವುದು ಒಂದು ವೆಬ್ ಪುಟ, ಒಂದು ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸುರಕ್ಷಿತ ಸಂಪರ್ಕ) ಮಾತ್ರ ಅಂತಾದರೆ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೋಸ್ಟಿನ ಒಂದು ಪೋರ್ಟಿಗೆ ಬಂದದ್ದನ್ನು ವಿಎಂನ ಪೋರ್ಟಿಗೆ ದಾಟಿಸುವುದು, ಸಾಕು. ವೈ-ಫೈ ಲ್ಯಾಪ್‌ಟಾಪಿನಲ್ಲಂತೂ ಇದೇ ಮೊದಲ ಆಯ್ಕೆಯಾಗಬೇಕು ಅನ್ನುವುದು ನಮ್ಮ ಅಭಿಪ್ರಾಯ.

ವರ್ಚುಯಲ್‌ಬಾಕ್ಸ್‌ನಲ್ಲಿ ವಿಎಂನ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್, ಅಲ್ಲಿ ಪೋರ್ಟ್ ಫಾರ್ವರ್ಡಿಂಗ್. ಒಂದು ಸಾಲು ಸೇರಿಸಿ: ಪ್ರೊಟೊಕಾಲ್ ಟಿಸಿಪಿ, ಹೋಸ್ಟ್ ಪೋರ್ಟ್ 2222, ಗೆಸ್ಟ್ (ಅಂದರೆ ವಿಎಂ) ಪೋರ್ಟ್ 22. ವೆಬ್‌ಗೆ ಇನ್ನೊಂದು ಸಾಲು: ಹೋಸ್ಟ್ 8080, ಗೆಸ್ಟ್ 8000. ಹೋಸ್ಟ್ ಐಪಿ ಎಂಬ ಖಾನೆಯನ್ನು ಖಾಲಿ ಬಿಟ್ಟರೆ ಹೋಸ್ಟಿನ ಎಲ್ಲಾ ವಿಳಾಸಗಳಲ್ಲೂ ಬಾಗಿಲು ತೆರೆಯುತ್ತದೆ. ಅಲ್ಲಿ 127.0.0.1 ಅಂತ ಬರೆದಿದ್ದರೆ ಹೋಸ್ಟಿಗೆ ಮಾತ್ರ. ಲಿನಕ್ಸ್ ಹೋಸ್ಟಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟನ್ನು ಸಾಮಾನ್ಯ ಬಳಕೆದಾರ ಹಿಡಿಯಲಾರ, ಅದಕ್ಕೇ 22ರ ಬದಲು 2222. ಪಕ್ಕದ ಕಂಪ್ಯೂಟರಿನಿಂದ ಸಂಪರ್ಕಿಸುವಾಗ ಕೊಡಬೇಕಾದದ್ದು ಹೋಸ್ಟಿನ ವಿಳಾಸ ಮತ್ತು ಹೋಸ್ಟಿನ ಪೋರ್ಟ್, ವಿಎಂದಲ್ಲ. ಹೋಸ್ಟ್ ವಿಂಡೋಸ್ ಆಗಿದ್ದರೆ ಅದರ ಫೈರ್‌ವಾಲಿನಲ್ಲೂ ಆ ಪೋರ್ಟಿಗೆ ಅನುಮತಿ ಬೇಕು.

ಇಲ್ಲಿ ಒಂದು ಗೊಂದಲ ಬರುತ್ತದೆ. ಎಸ್‌ಎಸ್‌ಎಚ್ ಕನೆಕ್ಟ್ ಆದ ಹಾಗೆ ಕಾಣಿಸಿ, ಪಾಸ್‌ವರ್ಡ್ ಕೇಳುವ ಮೊದಲೇ ಕಟ್ ಆಗುತ್ತದೆ. ಅಂದರೆ ಹೋಸ್ಟಿನಲ್ಲಿ ವರ್ಚುಯಲ್‌ಬಾಕ್ಸ್ ಬಾಗಿಲು ತೆರೆದಿದೆ, ಒಳಗೆ ವಿಎಂನಲ್ಲಿ ಎಸ್‌ಎಸ್‌ಎಚ್ ಸರ್ವರ್ ಓಡುತ್ತಿಲ್ಲ. ಬಾಗಿಲು ತೆಗೆದವರು ಒಬ್ಬರು, ಮಾತಾಡಬೇಕಾದವರು ಇನ್ನೊಬ್ಬರು.

ಲಿಬ್‌ವರ್ಟ್‌ನಲ್ಲಿ ಇಂಥ ಖಾನೆ ಸಿಗುವುದಿಲ್ಲ. ಡಿನ್ಯಾಟ್ (ಬಂದ ಪ್ಯಾಕೆಟ್ಟಿನ ತಲುಪುವ ವಿಳಾಸವನ್ನು ವಿಎಂನದಕ್ಕೆ ಬದಲಿಸುವ) ನಿಯಮ ಬರೆಯಬಹುದು, ಆದರೆ ಜೊತೆಗೆ ಫಾರ್ವರ್ಡ್ ಅನುಮತಿಯ (ಹೋಸ್ಟ್ ಮೂಲಕ ದಾಟಲು ಬಿಡುವ) ನಿಯಮವೂ ಬೇಕು, ಅದು ಲಿಬ್‌ವರ್ಟ್‌ನ ತಡೆಯುವ ನಿಯಮಕ್ಕಿಂತ ಮೊದಲು ಬರಬೇಕು. ಲಿಬ್‌ವರ್ಟ್ ತನ್ನ ಜಾಲವನ್ನು ಮತ್ತೆ ಶುರುಮಾಡಿದಾಗ ತನ್ನ ನಿಯಮಗಳನ್ನು ಮತ್ತೆ ಹಾಕುತ್ತದೆ, ಕ್ರಮ ತಪ್ಪುತ್ತದೆ. ಸ್ವಲ್ಪ ಹೊತ್ತಿನ ಕೆಲಸಕ್ಕೆ ಎಸ್‌ಎಸ್‌ಎಚ್ ಸುರಂಗವೇ ಹಿತ: 40ರಿಂದ 20ಕ್ಕೆ ಎಸ್‌ಎಸ್‌ಎಚ್ ಮಾಡುವಾಗ ದೊಡ್ಡ ಎಲ್ ಆಯ್ಕೆ ಕೊಟ್ಟು, ಇಲ್ಲಿನ 8000ವನ್ನು ಅಲ್ಲಿಂದ 192.168.122.57ರ 8000ಕ್ಕೆ ಜೋಡಿಸುವುದು. ಹೋಸ್ಟಿನಿಂದ ವಿಎಂಗೆ ದಾರಿ ಮೊದಲೇ ಇದೆಯಲ್ಲ, ಅದನ್ನೇ ಬಳಸಿಕೊಂಡಂತಾಯಿತು. ಯಾವ ಫೈರ್‌ವಾಲ್ ನಿಯಮವನ್ನೂ ಮುಟ್ಟಬೇಕಿಲ್ಲ.

ಬ್ರಿಡ್ಜ್: ನಿಧಾನವಾಗಿ, ಮಾನಿಟರ್ ಮುಂದೆ ಕೂತು

ವಿಎಂ ಖಾಯಂ ಸರ್ವರ್ ಆಗಬೇಕು, ಹತ್ತಾರು ಕಂಪ್ಯೂಟರಿಗೆ ಕಾಣಬೇಕು, ಅದಕ್ಕೆ ಅದರದೇ 192.168.1ರ ವಿಳಾಸ ಇರಬೇಕು ಅಂತಾದರೆ ಬ್ರಿಡ್ಜ್ ಬೇಕು. ಹೋಸ್ಟಿನ ಒಳಗೊಂದು ಸಾಫ್ಟ್‌ವೇರ್ ಸ್ವಿಚ್. ಅದರ ಒಂದು ತೂತಿಗೆ ನಿಜವಾದ ಕಾರ್ಡ್, ಇನ್ನೊಂದಕ್ಕೆ ವಿಎಂ. ಹೋಸ್ಟ್ ಕೂಡ ಇನ್ನು ಮುಂದೆ ಆ ಸ್ವಿಚ್ಚಿನಲ್ಲಿ ಒಬ್ಬ ಸದಸ್ಯ.

ಈ ಕೊನೆಯ ಮಾತಿನಲ್ಲೇ ಎಲ್ಲರೂ ಎಡವುವುದು. ಕಾರ್ಡಿನ ಹೆಸರು ಇಎನ್‌ಪಿ3ಎಸ್0 ಅಂದುಕೊಳ್ಳಿ. ಅದನ್ನು ಬಿಆರ್0 ಎಂಬ ಬ್ರಿಡ್ಜಿಗೆ ಸೇರಿಸಿದ ಮೇಲೆ ವಿಳಾಸ ಕಾರ್ಡಿನ ಮೇಲೆ ಇರಕೂಡದು, ಬ್ರಿಡ್ಜಿನ ಮೇಲೆ ಇರಬೇಕು. ಉಬುಂಟು ಸರ್ವರಿನಲ್ಲಾದರೆ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸಂರಚನೆ) ಫೈಲಿನಲ್ಲಿ ಕಾರ್ಡಿನ ಕೆಳಗೆ ಡಿಎಚ್‌ಸಿಪಿ4 ಫಾಲ್ಸ್ (ವಿಳಾಸವನ್ನು ರೂಟರಿನಿಂದ ತಾನಾಗಿ ಕೇಳಿ ಪಡೆಯುವುದು ಬೇಡ) ಅಂತ ಬರೆದು ವಿಳಾಸಗಳನ್ನು ತೆಗೆಯಿರಿ. ‘ಬ್ರಿಡ್ಜಸ್’ ಎಂಬ ವಿಭಾಗ ತೆರೆದು ಬಿಆರ್0 ಕೆಳಗೆ ಆ ಕಾರ್ಡನ್ನು ಸದಸ್ಯನಾಗಿ ಕೊಡಿ. 192.168.1.20/24 ಎಂಬ ವಿಳಾಸ, ಡೀಫಾಲ್ಟ್ ರೂಟ್ 192.168.1.1, ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ಸರ್ವರ್), ಮೂರೂ ಬಿಆರ್0 ಕೆಳಗೆ. ಅಂಚು ಬಿಡಲು ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಒತ್ತಿದರೆ ಫೈಲು ತಪ್ಪಾಗುತ್ತದೆ.

ಇನ್ನೆರಡು ಸಾಲು ಮರೆಯಬೇಡಿ. ಒಂದು, ಎಸ್‌ಟಿಪಿ (ಫ್ರೇಮುಗಳು ಸುತ್ತುತ್ತಲೇ ಇರುವ ಲೂಪ್ ಆಗದಂತೆ ಸ್ವಿಚ್ಚುಗಳು ಕಾಯುವ ವ್ಯವಸ್ಥೆ) ಫಾಲ್ಸ್. ನೆಟ್‌ಪ್ಲಾನ್ ಬ್ರಿಡ್ಜಿಗೆ ಎಸ್‌ಟಿಪಿಯನ್ನು ತಾನಾಗಿ ಆನ್ ಇಡುತ್ತದೆ. ಆಗ ಪ್ರತಿ ಹೊಸ ತೂತು ಕೇಳಿಸಿಕೊಳ್ಳಲು 15 ಸೆಕೆಂಡು, ಕಲಿಯಲು 15 ಸೆಕೆಂಡು, ಒಟ್ಟು 30 ಸೆಕೆಂಡು ಏನನ್ನೂ ದಾಟಿಸುವುದಿಲ್ಲ. ವಿಎಂ ಆನ್ ಆದ ಕೂಡಲೇ ಡಿಎಚ್‌ಸಿಪಿ ಕೇಳುತ್ತದೆ, ಉತ್ತರ ಬರುವುದಿಲ್ಲ. ನೆಟ್‌ವರ್ಕಿನಿಂದ ಬೂಟ್ ಮಾಡುವ ವಿಎಂ ಆದರೆ ಅಷ್ಟರಲ್ಲಿ ಕೈಚೆಲ್ಲಿರುತ್ತದೆ. ಹೋಸ್ಟಿಗೆ ಒಂದೇ ಕೇಬಲ್ ಇರುವಾಗ ಲೂಪ್ ಆಗುವ ಭಯವಿಲ್ಲ, ಆಫ್ ಮಾಡಬಹುದು. ಎರಡು, ಮ್ಯಾಕ್‌ಅಡ್ರೆಸ್ ಸಾಲಿನಲ್ಲಿ ಹಳೆಯ ಕಾರ್ಡಿನ ಮ್ಯಾಕ್. ಈಗಿನ ಉಬುಂಟುವಿನಲ್ಲಿ ಬ್ರಿಡ್ಜಿಗೆ ಸಿಸ್ಟಮ್‌ಡಿ (ಉಬುಂಟುವಿನ ಸೇವೆಗಳನ್ನು ನಡೆಸುವ ಮೂಲ ವ್ಯವಸ್ಥೆ) ತನ್ನದೇ ಒಂದು ಮ್ಯಾಕ್ ಕೊಡುತ್ತದೆ. ವಿಳಾಸವನ್ನು ಫೈಲಿನಲ್ಲಿ ಬರೆಯದೆ ಬಿಆರ್0ಗೆ ಡಿಎಚ್‌ಸಿಪಿ ಕೊಟ್ಟಿದ್ದು, ನಿಮ್ಮ ರೂಟರ್ ಹಳೆಯ ಮ್ಯಾಕ್ ನೋಡಿ 192.168.1.20ನ್ನು ಕಾಯ್ದಿರಿಸಿದ್ದರೆ, ಬ್ರಿಡ್ಜ್ ಆದ ಮೇಲೆ ಹೋಸ್ಟ್ ಬೇರೆ ವಿಳಾಸದಲ್ಲಿ ಎದ್ದು ಬರುತ್ತದೆ. ಹೋಸ್ಟೇ ಮಾಯ ಅಂತ ಗಾಬರಿಯಾಗುತ್ತದೆ.

ದೂರದಿಂದ ಎಸ್‌ಎಸ್‌ಎಚ್ ಮಾಡಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ‘ನೆಟ್‌ಪ್ಲಾನ್ ಟ್ರೈ’ ಇದೆಯಲ್ಲ, 120 ಸೆಕೆಂಡಿನಲ್ಲಿ ಒಪ್ಪಿಗೆ ಕೊಡದಿದ್ದರೆ ಹಳೆಯದಕ್ಕೆ ಮರಳುತ್ತದಲ್ಲ ಅಂತ ಕೇಳಬಹುದು. ಬ್ರಿಡ್ಜಿಗೆ ಎಸ್‌ಟಿಪಿಯಂಥ ನಿಯತಾಂಕ ಬರೆದಿದ್ದರೆ ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ ಅಂತ ಟ್ರೈ ನಿರಾಕರಿಸುತ್ತದೆ, ಅಪ್ಲೈ ಮಾಡು ಅನ್ನುತ್ತದೆ. ಕೀಬೋರ್ಡು, ಮಾನಿಟರು ಹೋಸ್ಟಿಗೇ ಸಿಕ್ಕಿಸಿ ಕೂತುಕೊಳ್ಳಿ.

ಅಪ್ಲೈ ಆದ ಮೇಲೆ ವಿಎಂನ ಕಾರ್ಡನ್ನು ಡೀಫಾಲ್ಟ್ ಜಾಲದಿಂದ ಬಿಡಿಸಿ ಬಿಆರ್0ಗೆ ಕೊಡಿ. ವರ್ಟ್-ಮ್ಯಾನೇಜರ್ (ವಿಎಂಗಳನ್ನು ಕಿಟಕಿಯಲ್ಲಿ ನೋಡಿಕೊಳ್ಳುವ ಸಾಫ್ಟ್‌ವೇರ್) ಪಟ್ಟಿಯಲ್ಲಿ ಮ್ಯಾಕ್‌ವಿಟ್ಯಾಪ್ (ವಿಎಂ ಅನ್ನು ನೇರ ಕಾರ್ಡಿಗೇ ಜೋಡಿಸುವುದು) ಎಂಬ ಸುಲಭದ ಆಯ್ಕೆಯೂ ಕಾಣುತ್ತದೆ, ಬ್ರಿಡ್ಜ್ ಕಟ್ಟುವ ಶ್ರಮವಿಲ್ಲ. ಆದರೆ ಅದರಲ್ಲಿ ಊರಿಗೆಲ್ಲ ಕಾಣುವ ವಿಎಂ ತನ್ನ ಹೋಸ್ಟಿಗೆ ಮಾತ್ರ ಕಾಣುವುದಿಲ್ಲ, ಹೋಸ್ಟ್ ಅದಕ್ಕೆ ಕಾಣುವುದಿಲ್ಲ. ಅದು ಆ ವ್ಯವಸ್ಥೆಯ ಗುಣವೇ ಹೊರತು ದೋಷವಲ್ಲ. ಹೋಸ್ಟಿನಿಂದ ಪಿಂಗ್ ಮಾಡಿ ‘ಹೋಗುತ್ತಿಲ್ಲ’ ಅಂತ ಗಂಟೆಗಟ್ಟಲೆ ಹುಡುಕುವುದು ಇದರಿಂದಲೇ.

ವರ್ಚುಯಲ್‌ಬಾಕ್ಸ್‌ನಲ್ಲಿ ಇಷ್ಟು ಕೆಲಸವಿಲ್ಲ. ಬ್ರಿಡ್ಜ್‌ಡ್ ಅಡಾಪ್ಟರ್ ಆರಿಸಿ, ಕೆಳಗಿನ ಪಟ್ಟಿಯಲ್ಲಿ ಯಾವ ಕಾರ್ಡ್ ಅಂತ ಸರಿಯಾಗಿ ಹೇಳಿ. ಕೇಬಲ್ ಎತರ್ನೆಟ್‌ನಲ್ಲಿದ್ದು ಪಟ್ಟಿಯಲ್ಲಿ ವೈ-ಫೈ ಆಯ್ಕೆಯಾಗಿದ್ದರೆ ಏನೂ ನಡೆಯುವುದಿಲ್ಲ. ವಿಂಡೋಸ್‌ನ ಹೈಪರ್-ವಿಯಲ್ಲಿ ‘ಡೀಫಾಲ್ಟ್ ಸ್ವಿಚ್’ ನಂಬಬೇಡಿ, ಅದು ನ್ಯಾಟ್, ಹೋಸ್ಟ್ ರೀಸ್ಟಾರ್ಟ್ ಆದಾಗ ಅದರ ವಿಳಾಸವೂ ಬದಲಾಗಬಹುದು. ವರ್ಚುಯಲ್ ಸ್ವಿಚ್ ಮ್ಯಾನೇಜರಿನಲ್ಲಿ ‘ಎಕ್ಸ್‌ಟರ್ನಲ್’ ಸ್ವಿಚ್ ಮಾಡಿ, ಹೋಸ್ಟ್ ಕೂಡ ಅದೇ ಕಾರ್ಡನ್ನು ಹಂಚಿಕೊಳ್ಳಲಿ ಎಂಬ ಟಿಕ್ ತೆಗೆಯಬೇಡಿ. ವಿಎಂವೇರ್‌ನಲ್ಲಿ ವಿಎಂನೆಟ್0 ಬ್ರಿಡ್ಜ್, ವಿಎಂನೆಟ್8 ನ್ಯಾಟ್.

ವೈ-ಫೈಯಲ್ಲಿ ಬ್ರಿಡ್ಜ್ ಯಾಕೆ ಕೈಕೊಡುತ್ತದೆ

ಲ್ಯಾಪ್‌ಟಾಪಿನಿಂದ ಆಕ್ಸೆಸ್ ಪಾಯಿಂಟಿಗೆ (ವೈ-ಫೈ ಕೊಡುವ ಪೆಟ್ಟಿಗೆಗೆ) ಹೋಗುವ ವೈ-ಫೈ ಫ್ರೇಮಿನಲ್ಲಿ (ಪ್ಯಾಕೆಟ್ಟನ್ನು ಹೊತ್ತ ಲಕೋಟೆಯಲ್ಲಿ) ಮೂರು ವಿಳಾಸಗಳಿಗೆ ಜಾಗ: ಆಕ್ಸೆಸ್ ಪಾಯಿಂಟಿನದು, ಕಳಿಸುವ ಲ್ಯಾಪ್‌ಟಾಪಿನದು, ತಲುಪಬೇಕಾದವರದು. ‘ಕಳಿಸುತ್ತಿರುವುದು ಲ್ಯಾಪ್‌ಟಾಪ್, ಆದರೆ ಬರೆದವರು ಅದರ ಹಿಂದಿನ ವಿಎಂ’ ಅಂತ ಹೇಳಲು ನಾಲ್ಕನೇ ಖಾನೆ ಬೇಕು, ಮಾಮೂಲಿ ಸಂಪರ್ಕದಲ್ಲಿ ಅದಿಲ್ಲ. ಗುರುತು ಹೇಳಿ ಒಳಗೆ ಬಂದ ಮ್ಯಾಕ್ ಒಂದೇ, ಉಳಿದವರ ಫ್ರೇಮನ್ನು ಆಕ್ಸೆಸ್ ಪಾಯಿಂಟ್ ಒಪ್ಪುವುದಿಲ್ಲ. ಲಿನಕ್ಸ್ ಅಂತೂ ವೈ-ಫೈ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಲು ಹೋದಾಗಲೇ ಆಗುವುದಿಲ್ಲ ಅಂದುಬಿಡುತ್ತದೆ. ವರ್ಚುಯಲ್‌ಬಾಕ್ಸ್ ಹೊರಗೆ ಹೋಗುವ ಫ್ರೇಮಿನಲ್ಲಿ ಲ್ಯಾಪ್‌ಟಾಪಿನ ಮ್ಯಾಕನ್ನೇ ಬರೆದು, ಒಳಗೆ ಬಂದಾಗ ಐಪಿ ನೋಡಿ ವಿಎಂಗೆ ಹಂಚುತ್ತದೆ. ಒಂದು ಮನೆಯಲ್ಲಿ ನಡೆದದ್ದು ಇನ್ನೊಂದು ಜಾಲದಲ್ಲಿ ನಡೆಯದೆ ಹೋಗುವುದು ಈ ಹೊಂದಾಣಿಕೆಯಿಂದ. ಹಾಸ್ಟೆಲ್ ವೈ-ಫೈಗಳಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ಮಾಡಿರುವುದೂ ಉಂಟು, ಅಲ್ಲಿ ನೀವು ಏನು ಮಾಡಿದರೂ ಪಕ್ಕದ ಲ್ಯಾಪ್‌ಟಾಪಿಗೆ ತಲುಪುವುದಿಲ್ಲ.

ಕೇಬಲ್ ಇದ್ದರೂ ಕಾಲೇಜು, ಕಚೇರಿಗಳಲ್ಲಿ ಇಂಥದ್ದೇ ಒಂದು ತಡೆ ಇರಬಹುದು. ಸಿಸ್ಕೊ ಸ್ವಿಚ್ಚಿನಲ್ಲಿ ಪೋರ್ಟ್ ಸೆಕ್ಯುರಿಟಿ ಆನ್ ಮಾಡಿ ಬೇರೇನೂ ಹೇಳದಿದ್ದರೆ ಒಂದು ತೂತಿಗೆ ಒಂದೇ ಮ್ಯಾಕ್. ಎರಡನೆಯದು ಕಂಡ ಕೂಡಲೇ ಆ ಪೋರ್ಟನ್ನೇ ಮುಚ್ಚುತ್ತದೆ. ವಿಎಂ ಆನ್ ಮಾಡಿದ ತಕ್ಷಣ ಹೋಸ್ಟಿನ ಇಂಟರ್ನೆಟ್ಟೂ ಹೋಯಿತು ಅಂದರೆ ಇದನ್ನೇ ಅನುಮಾನಿಸಿ. ಸ್ವಿಚ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿ ಮಿತಿಯನ್ನು ಹೆಚ್ಚಿಸಿಕೊಳ್ಳಿ.

ಒಂದು ಪ್ಯಾಕೆಟ್ಟನ್ನು ಹಿಂಬಾಲಿಸುವುದು

ಬ್ರಿಡ್ಜ್ ಆಯಿತು, ವಿಎಂಗೆ 192.168.1.57 ಬಂತು, ಆದರೂ 40ರಿಂದ ತೆರೆಯುತ್ತಿಲ್ಲ. ಈಗ ಊಹೆ ಬೇಡ.

ಮೊದಲು ವಿಎಂ ಒಳಗೆ ಎಸ್‌ಎಸ್ (ಯಾವ ಪೋರ್ಟಿನಲ್ಲಿ ಯಾರು ಕಾಯುತ್ತಿದ್ದಾರೆ ಅಂತ ತೋರಿಸುವ) ಕಮಾಂಡಿಗೆ ಟಿ, ಎಲ್, ಎನ್, ಪಿ ಆಯ್ಕೆಗಳನ್ನು ಕೊಟ್ಟು (ss -tlnp) 8000 ಯಾವ ವಿಳಾಸದಲ್ಲಿ ಕಾಯುತ್ತಿದೆ ನೋಡಿ. 127.0.0.1:8000 ಅಂತಿದ್ದರೆ ಅದು ವಿಎಂ ಒಳಗಿನವರಿಗೆ ಮಾತ್ರ, ಹೊರಗಿನ ನೆಟ್‌ವರ್ಕ್ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಜಾಂಗೋದ ರನ್‌ಸರ್ವರ್, ಫ್ಲಾಸ್ಕ್, ಪೋಸ್ಟ್‌ಗ್ರೆಸ್ ಎಲ್ಲವೂ ಮೊದಲಿಗೆ ಹೀಗೇ ಇರುತ್ತವೆ. 0.0.0.0 ಅಥವಾ ವಿಎಂನ ವಿಳಾಸವನ್ನೇ ಕೊಟ್ಟು ಮತ್ತೆ ಶುರುಮಾಡಬೇಕು.

ಅದು ಸರಿಯಿದ್ದರೆ 40ರಲ್ಲಿ ಒಮ್ಮೆ ಪಿಂಗ್ ಮಾಡಿ, ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ತೆಗೆಯಿರಿ. 192.168.1.57ರ ಎದುರಿಗೆ 52:54:00 ಎಂದು ಶುರುವಾಗುವ ಮ್ಯಾಕ್ ಬಂದಿದೆಯೇ? ಬಂದಿದ್ದರೆ ಸ್ವಿಚ್, ಕೇಬಲ್, ಬ್ರಿಡ್ಜ್ ಸರಿ, ಪಿಂಗ್ ಉತ್ತರ ಬರದಿದ್ದರೂ ಸರಿ. ವಿಂಡೋಸ್ ವಿಎಂಗಳು ಪಿಂಗಿಗೆ ಸಾಮಾನ್ಯವಾಗಿ ಉತ್ತರಿಸುವುದಿಲ್ಲ, ಫೈರ್‌ವಾಲ್ ಹಾಗಿದೆ. ಪಿಂಗ್ ಹೋಗಲಿಲ್ಲ ಅಂತ ನೆಟ್‌ವರ್ಕ್ ಇಲ್ಲ ಅನ್ನಬೇಡಿ.

ಆಮೇಲೆ ಟಿಸಿಪಿಡಂಪ್, ಅಂದರೆ ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಕಮಾಂಡು. 40ರಲ್ಲಿ ಬ್ರೌಸರ್ ರೀಫ್ರೆಶ್ ಒತ್ತುತ್ತಿರಿ, ಹೋಸ್ಟಿನಲ್ಲಿ ಮೊದಲು ಇಎನ್‌ಪಿ3ಎಸ್0 ಮೇಲೆ ಪೋರ್ಟ್ 8000ವನ್ನು ಕೇಳಿಸಿಕೊಳ್ಳಿ, ನಂತರ ವಿಎಂನ ಟ್ಯಾಪ್ (ಹೋಸ್ಟಿನ ಕಡೆಯ ಕೇಬಲ್ ತುದಿ) ಆದ ವಿನೆಟ್0 ಮೇಲೆ, ನಂತರ ವಿಎಂ ಒಳಗೆ. ಸಿನ್, ಅಂದರೆ ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್, ಇಎನ್‌ಪಿ3ಎಸ್0ರಲ್ಲಿ ಕಂಡು ವಿನೆಟ್0ರಲ್ಲಿ ಕಾಣದಿದ್ದರೆ ಹೋಸ್ಟೇ ನುಂಗಿದೆ. ಇದಕ್ಕೆ ನಾವು ಮೊದಲು ಸಂಶಯಪಡುವುದು ಡಾಕರ್ (ಅಪ್ಲಿಕೇಶನ್‌ಗಳನ್ನು ಕಂಟೇನರುಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಮೇಲೆ. ಡಾಕರ್ ಶುರುವಾದಾಗ ಐಪಿ ಫಾರ್ವರ್ಡಿಂಗನ್ನು (ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವುದನ್ನು) ತಾನೇ ಆನ್ ಮಾಡಬೇಕಾಗಿ ಬಂದರೆ, ಫೈರ್‌ವಾಲಿನ ಫಾರ್ವರ್ಡ್ ಸರಣಿಯ (ದಾಟಿಹೋಗುವ ಪ್ಯಾಕೆಟ್ಟುಗಳ ನಿಯಮಪಟ್ಟಿಯ) ನೀತಿಯನ್ನು ಡ್ರಾಪ್ (ಬಿಸಾಡು) ಮಾಡುತ್ತದೆ. ಬಿಆರ್_ನೆಟ್‌ಫಿಲ್ಟರ್ ಎಂಬ ಮಾಡ್ಯೂಲೂ ಲೋಡ್ ಆಗಿದ್ದರೆ ಬ್ರಿಡ್ಜಿನೊಳಗೆ ಹಾದುಹೋಗುವ ಫ್ರೇಮುಗಳೂ ಆ ಸರಣಿಯ ಮುಂದೆ ನಿಲ್ಲಬೇಕಾಗುತ್ತದೆ. ಲಕ್ಷಣ ಸ್ಪಷ್ಟ: ಹೋಸ್ಟಿನಿಂದ ವಿಎಂ ಸಿಗುತ್ತದೆ, ವಿಎಂನಿಂದ ಹೋಸ್ಟ್ ಸಿಗುತ್ತದೆ, ಹೊರಗಿನವರಿಗೆ ಮಾತ್ರ ಇಲ್ಲ. ಹೋಸ್ಟಿಗೆ ಬಂದದ್ದು ಇನ್‌ಪುಟ್ ಸರಣಿಗೆ ಹೋಗುತ್ತದೆ, ಫಾರ್ವರ್ಡಿಗೆ ಅಲ್ಲ, ಅದಕ್ಕೇ ಈ ವ್ಯತ್ಯಾಸ. ಡಾಕರ್-ಯೂಸರ್ ಎಂಬ ಸರಣಿಯಲ್ಲಿ ‘ಬಿಆರ್0ಯಿಂದ ಬಂದು ಬಿಆರ್0ಗೇ ಹೋಗುವುದನ್ನು ಬಿಡು’ ಎಂಬ ಒಂದು ನಿಯಮ ಸಾಕು.

ಸಿನ್ ವಿಎಂ ಒಳಗೂ ಕಂಡು, ಉತ್ತರವಾಗಿ ರೀಸೆಟ್ (ಕನೆಕ್ಷನ್ ಕಡಿಯುವ ಪ್ಯಾಕೆಟ್) ಹೋಗುತ್ತಿದ್ದರೆ ಆ ವಿಳಾಸದಲ್ಲಿ ಯಾರೂ ಕಾಯುತ್ತಿಲ್ಲ. ಏನೂ ಉತ್ತರ ಹೋಗದಿದ್ದರೆ ವಿಎಂನ ಫೈರ್‌ವಾಲ್ ನೋಡಿ. ಫೆಡೋರಾ, ರೆಡ್‌ಹ್ಯಾಟ್‌ಗಳಲ್ಲಿ ಫೈರ್‌ವಾಲ್‌ಡಿ ಮೊದಲೇ ಆನ್ ಇರುತ್ತದೆ, ಅದು ತಡೆದಾಗ 40ರಲ್ಲಿ ‘ನೋ ರೂಟ್ ಟು ಹೋಸ್ಟ್’ ಅಂತ ಬರುತ್ತದೆ. ರೂಟ್ ಇದೆ, ಹೆಸರು ದಾರಿ ತಪ್ಪಿಸುತ್ತದೆ.

ಇನ್ನು ಮರಳುವ ದಾರಿ. ವಿಎಂಗೆ ಎರಡು ಕಾರ್ಡ್ ಕೊಟ್ಟಿದ್ದೀರಿ ಅನ್ನಿ, ಒಂದು ನ್ಯಾಟ್, ಒಂದು ಬ್ರಿಡ್ಜ್. ಅದೇ ಜಾಲದ 40ಕ್ಕೆ ತೊಂದರೆಯಿಲ್ಲ. ಆದರೆ ಇನ್ನೊಂದು ಮಹಡಿಯ 192.168.5.12 ಕೇಳಿದರೆ ಸಿನ್ ಬ್ರಿಡ್ಜಿನಲ್ಲಿ ಒಳಗೆ ಬರುತ್ತದೆ, ಉತ್ತರ ಡೀಫಾಲ್ಟ್ ರೂಟ್ ಹಿಡಿದು ನ್ಯಾಟ್ ಕಾರ್ಡಿನಲ್ಲಿ ಹೊರಗೆ ಹೋಗುತ್ತದೆ. ಕೇಳಿದವರಿಗೆ ಉತ್ತರ ಬೇರೆ ವಿಳಾಸದಿಂದ ಬರುತ್ತದೆ ಅಥವಾ ಬರುವುದೇ ಇಲ್ಲ. ಬ್ರಿಡ್ಜ್ ಕೊಟ್ಟ ಮೇಲೆ ನ್ಯಾಟ್ ಕಾರ್ಡ್ ತೆಗೆದುಬಿಡಿ, ಬೇಕೇ ಬೇಕಾದರೆ ಡೀಫಾಲ್ಟ್ ರೂಟ್ ಬ್ರಿಡ್ಜಿನ ಕಡೆಗಿರಲಿ.

ಕ್ಲೋನ್ ಮಾಡಿದ ವಿಎಂಗಳು

ಲ್ಯಾಬಿಗೆ ಹತ್ತು ವಿಎಂ ಬೇಕು, ಒಂದನ್ನು ಸಿದ್ಧಮಾಡಿ ಕ್ಲೋನ್ ಮಾಡುತ್ತೀರಿ. ಎಚ್ಚರದಿಂದ ಮ್ಯಾಕ್ ಬದಲಾಯಿಸುತ್ತೀರಿ. ಆದರೂ ಉಬುಂಟು ಸರ್ವರಿನ ಎರಡು ವಿಎಂಗಳಿಗೆ ಒಂದೇ ಐಪಿ ಬರುತ್ತದೆ, ಒಂದು ಸಲ ಇದು ಸಿಗುತ್ತದೆ, ಒಂದು ಸಲ ಅದು. ಡಿಎಚ್‌ಸಿಪಿ ಕೇಳುವಾಗ ಉಬುಂಟು ಸರ್ವರ್ ತನ್ನ ಗುರುತಾಗಿ ಕಳಿಸುವುದು ಮ್ಯಾಕನ್ನಲ್ಲ, ಇಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲಿನಿಂದ ಹುಟ್ಟಿದ ಗುರುತನ್ನು. ಕ್ಲೋನ್ ಮಾಡುವ ಮೊದಲು ಮೂಲ ವಿಎಂನಲ್ಲಿ ಆ ಫೈಲನ್ನು ಅಳಿಸದೆ ಖಾಲಿ ಮಾಡಿ ಶಟ್‌ಡೌನ್ ಮಾಡಿ, ಪ್ರತಿ ಕ್ಲೋನೂ ಮೊದಲ ಬೂಟಿನಲ್ಲಿ ಹೊಸದನ್ನು ಬರೆದುಕೊಳ್ಳುತ್ತದೆ. ಇಲ್ಲವಾದರೆ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಮ್ಯಾಕ್ ಅಂತ ಬರೆಯಿರಿ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹೊಸದು ಮಾಡಬೇಕು, ಇಲ್ಲದಿದ್ದರೆ ಹತ್ತು ವಿಎಂಗಳ ಬೀಗಕ್ಕೂ ಒಂದೇ ಕೀಲಿ.

ಮನೆಯಿಂದ ತಲುಪುವುದು

ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ ಆಯಿತಲ್ಲ ಅನ್ನುವ ಕಾಲ ಹೋಗುತ್ತಿದೆ. ರೂಟರಿನ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮ ಮುಂದೆ ಸೇವೆ ಕೊಡುವ ಕಂಪನಿಯದೇ ಇನ್ನೊಂದು ನ್ಯಾಟ್ ಇದೆ. 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಟ್ಟ ವಿಳಾಸಗಳವು. ಅಲ್ಲಿ ನಿಮ್ಮ ಫಾರ್ವರ್ಡ್ ನಿಯಮಕ್ಕೆ ಏನೂ ಬಂದು ತಲುಪುವುದಿಲ್ಲ. ಪಬ್ಲಿಕ್ ವಿಳಾಸ ಇದ್ದರೂ ವಿಎಂನ 22ನ್ನು ನೇರವಾಗಿ ಇಂಟರ್ನೆಟ್ಟಿಗೆ ಬಿಡುವುದನ್ನು ನಾವು ಒಪ್ಪುವುದಿಲ್ಲ. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಹಳ ಬೇಗ ಬಾಗಿಲು ಬಡಿಯುತ್ತವೆ.

ಪಬ್ಲಿಕ್ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಸರ್ವರ್ ನಡುವೆ ಇಟ್ಟುಕೊಂಡು ವೈರ್‌ಗಾರ್ಡ್ (ಇಂಟರ್ನೆಟ್ಟಿನಲ್ಲಿ ಗುಪ್ತ ಸುರಂಗ ಕಟ್ಟುವ ವಿಪಿಎನ್) ಹಾಕಿ. ಅಲ್ಲಿ ಯುಡಿಪಿ 51820 ತೆರೆದಿರಲಿ. ನಿಮ್ಮ ಹೋಸ್ಟ್ ನ್ಯಾಟ್ ಹಿಂದೆ ಇರುವುದರಿಂದ ಅದರ ಸಂರಚನೆಯಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಅಂತ ಬರೆಯಿರಿ, 25 ಸೆಕೆಂಡಿಗೊಮ್ಮೆ ಕಳಿಸುವ ಸಣ್ಣ ಪ್ಯಾಕೆಟ್ ದಾರಿಯನ್ನು ತೆರೆದಿಡುತ್ತದೆ. ಬಾಡಿಗೆ ಸರ್ವರಿನಲ್ಲಿ ಹೋಸ್ಟಿನ ಅಲೌಡ್‌ಐಪೀಸ್ (ಆ ಸುರಂಗದಲ್ಲಿ ಹೋಗಬೇಕಾದ ವಿಳಾಸಗಳ) ಸಾಲಿಗೆ ವಿಎಂನ 192.168.1.57/32 ಸೇರಿಸಿ, ಮನೆಯ ಲ್ಯಾಪ್‌ಟಾಪಿನಲ್ಲೂ ಆ ವಿಳಾಸ ಸುರಂಗದ ಕಡೆಗೆ ಹೋಗುವಂತೆ ಬರೆಯಿರಿ. ಬಾಡಿಗೆ ಸರ್ವರ್, ಹೋಸ್ಟ್ ಎರಡರಲ್ಲೂ ಐಪಿ ಫಾರ್ವರ್ಡಿಂಗ್ ಆನ್ ಇರಬೇಕು.

ಇಷ್ಟಾದ ಮೇಲೂ ಮನೆಯಿಂದ ಹೋಸ್ಟ್ ಸಿಗುತ್ತದೆ, ವಿಎಂ ಸಿಗುವುದಿಲ್ಲ. ವಿಎಂ ಒಳಗೆ ಟಿಸಿಪಿಡಂಪ್ ಹಾಕಿ ನೋಡಿ, ಸಿನ್ ಬಂದಿರುತ್ತದೆ. ಉತ್ತರ 10.8.0.3ಕ್ಕೆ, ಅಂದರೆ ನಿಮ್ಮ ಮನೆಯ ಸುರಂಗದ ವಿಳಾಸಕ್ಕೆ ಹೋಗಬೇಕು. ವಿಎಂಗೆ ಆ ಜಾಲ ಗೊತ್ತಿಲ್ಲ, ರೂಟರಿಗೆ ಕೊಡುತ್ತದೆ. ರೂಟರಿಗೂ ಗೊತ್ತಿಲ್ಲ. ವಿಎಂನ ನೆಟ್‌ಪ್ಲಾನ್‌ನಲ್ಲಿ 10.8.0.0/24ಕ್ಕೆ ದಾರಿ 192.168.1.20 ಎಂದು ಒಂದು ರೂಟ್ ಬರೆಯಿರಿ. ವಿಎಂಗಳು ಹಲವಿದ್ದರೆ ಅದೇ ಸಾಲನ್ನು ರೂಟರಿನ ಸ್ಟಾಟಿಕ್ ರೂಟ್ ಪುಟದಲ್ಲಿ ಒಮ್ಮೆ ಬರೆದರೆ ಎಲ್ಲಕ್ಕೂ ಆಗುತ್ತದೆ.